ಹಿಂದಿನ ಚಕ್ರಕ್ಕೂ ಸ್ಪ್ರಿಂಗ್ ಬೇಕೆ?

ಕಳೆದ ತಿಂಗಳ ಸಭೆಯಲ್ಲಿ ನಮ್ಮ ಬಳಗ ಒಂದು ಒಳ್ಳೆಯ ತೀರ್ಮಾನ ಕೈಗೊಂಡಿತು. ಹಳೆಯ ಕಾಲುದಾರಿ, ಗಾಡಿದಾರಿಗಳ ಮತ್ತು ಬೆಟ್ಟದ ಜಲಮೂಲಗಳ ಸಮೀಕ್ಷೆಗೆ ಜೀಪು, ಮೋಟಾರ್‌ಬೈಕುಗಳನ್ನು ಬಿಟ್ಟು ಸೈಕಲ್ ಬಳಸಬೇಕು. ಅದಕ್ಕಾಗಿ ಸದಸ್ಯರ ವಂತಿಗೆಯಿಂದಲೇ ಕೆಲವು ಬೆಟ್ಟದ ಸೈಕಲ್‌ಗಳನ್ನು ಕೊಳ್ಳಬೇಕು ಎಂಬುದು ಆ ತೀರ್ಮಾನ. ಇದಕ್ಕೆ ಯಾರದೂ ತಕರಾರು ಇರಲಿಲ್ಲ. ತಕರಾರು ಹುಟ್ಟಿದ್ದು ಎಂಥ ಸೈಕಲ್ ಎಂಬ ಪ್ರಶ್ನೆ ಎದ್ದಾಗ. ಎರಡೂ ಚಕ್ರಗಳಿಗೆ ಶಾಕ್ ಅಬ್ಸಾರ್ಬರ್ ಇರುವ ಫುಲ್ ಸಸ್ಪೆನ್ಷನ್ ಸೈಕಲ್ಲೇ ಬೇಕೆಂದು ಕಿರಿಯ ಗೆಳೆಯರು ಹೇಳಿದರು. ಮುಂದಿನ ಚಕ್ರಕ್ಕೆ ಮಾತ್ರ ಅದಿರುವ ಹಾರ್ಡ್‌ಟೇಲ್ ಸಾಕೆಂದು ನಾನೆಂದೆ. ‘ನಿಮ್ಮದು ಎಲ್ಲದರಲ್ಲೂ ಹಳೇ ಕಾಲದ ವಾದ ಮಾರಾಯ್ರೆ’ ಎಂದು ಒಬ್ಬರು ನಕ್ಕರು. ಮಾತು ಮುಗಿಯದೆ ಸಭೆ ಮುಗಿಯಿತು. ಮುಂದಿನ ಸಭೆಗೆ ಮೊದಲು ಎರಡೂ ಕಡೆಯವರು ತಮ್ಮ ವಾದವನ್ನು ಈ ಪತ್ರಿಕೆಯಲ್ಲಿ ಮಂಡಿಸಲಿ ಎಂದು ಹಿರಿಯರು ಸೂಚಿಸಿದರು. ಇದು ನನ್ನ ಪಾಲಿನ ಬರಹ.

ಮೇಲುನೋಟಕ್ಕೆ ಇದು ಅಂಗಡಿಯಲ್ಲಿ ನಿಂತು ಬಗೆಹರಿಸಿಕೊಳ್ಳಬೇಕಾದ ಸಣ್ಣ ವಿಷಯ. ಆದರೆ ಮಲೆನಾಡಿನ ದಾರಿಗಳಿಗೆ ಬೆಟ್ಟದ ಸೈಕಲ್‌ಗಳು ಈಗಷ್ಟೇ ಬರತೊಡಗಿವೆ. ಯಾವ ಬಗೆಯ ಸೈಕಲ್, ಯಾವ ವೇಗ, ಯಾವ ನಡವಳಿಕೆ ಇಲ್ಲಿ ರೂಢಿಯಾಗುತ್ತದೆ ಎಂಬುದು ಮುಂದಿನ ಕೆಲವು ವರ್ಷಗಳಲ್ಲಿ ನಿಶ್ಚಯವಾಗಲಿದೆ. ಆ ರೂಢಿಯನ್ನು ಮಾರುಕಟ್ಟೆ ಹಾಕಿಕೊಡುವ ಮೊದಲು ನಾವೇ ಯೋಚಿಸುವುದು ಒಳ್ಳೆಯದಲ್ಲವೆ?

ವಿಷಯ ಹೊಸದಾದವರಿಗಾಗಿ ಎರಡು ಮಾತು. ಹಾರ್ಡ್‌ಟೇಲ್ ಎಂದರೆ ಹಿಂಭಾಗ ಗಟ್ಟಿಯಾಗಿರುವ ಸೈಕಲ್. ಅದರ ಚೌಕಟ್ಟು ನಮ್ಮ ಊರಿನ ಸೈಕಲ್ಲಿನಂತೆಯೇ ಎರಡು ತ್ರಿಕೋನಗಳನ್ನು ಬೆಸೆದು ಮಾಡಿದ ಒಂದೇ ವಸ್ತು. ಮುಂದಿನ ಫೋರ್ಕ್ ಮಾತ್ರ ಒಂದರೊಳಗೊಂದು ಜಾರುವ ಕೊಳವೆಗಳಿಂದಾಗಿದ್ದು, ಒಳಗಿನ ಗಾಳಿ ಅಥವಾ ಉಕ್ಕಿನ ಸ್ಪ್ರಿಂಗ್ ಮತ್ತು ಎಣ್ಣೆಯ ನೆರವಿನಿಂದ ಸಾಮಾನ್ಯವಾಗಿ 100ರಿಂದ 140 ಮಿ.ಮೀ.ವರೆಗೆ ಕುಗ್ಗಿ ಹಿಗ್ಗುತ್ತದೆ. ಫುಲ್ ಸಸ್ಪೆನ್ಷನ್ ಸೈಕಲ್ಲಿನಲ್ಲಿ ಇದರ ಜೊತೆಗೆ ಹಿಂದಿನ ತ್ರಿಕೋನವೂ ಕೀಲುಗಳ ಮೇಲೆ ಆಡುತ್ತದೆ. ಚೌಕಟ್ಟಿನ ನಡುವೆ ಕೂರಿಸಿದ ಇನ್ನೊಂದು ಶಾಕ್ ಅಬ್ಸಾರ್ಬರ್ ಆ ಆಟವನ್ನು ಹದ್ದಿನಲ್ಲಿಡುತ್ತದೆ. ಹಾರ್ಡ್‌ಟೇಲಿನಲ್ಲಿ ಹಿಂದಿನ ಚಕ್ರ ಕಲ್ಲಿಗೆ ಬಡಿದರೆ ಆ ಏಟನ್ನು ನುಂಗಬೇಕಾದದ್ದು ಸವಾರನ ಮೊಣಕಾಲು. ಇನ್ನೊಂದರಲ್ಲಿ ಯಂತ್ರವೇ ನುಂಗುತ್ತದೆ.

ಬೆಟ್ಟದ ಸೈಕಲ್ಲಿನ ಚರಿತ್ರೆಯೂ ಇಲ್ಲಿ ಪ್ರಸ್ತುತ. ಕ್ಯಾಲಿಫೋರ್ನಿಯದ ಫೇರ್‌ಫ್ಯಾಕ್ಸ್ ಪಟ್ಟಣದ ಬಳಿ 1976ರಲ್ಲಿ ಕೆಲವು ತರುಣರು ಒಂದು ಕಚ್ಚಾ ಬೆಟ್ಟದಾರಿಯಲ್ಲಿ ಇಳಿಜಾರಿನ ಓಟ ಆರಂಭಿಸಿದರು. ಮೂರು ಕಿಲೋಮೀಟರಿಗಿಂತ ತುಸು ಹೆಚ್ಚಿನ ಆ ದಾರಿ ಸುಮಾರು 400 ಮೀಟರ್ ಕೆಳಗಿಳಿಯುತ್ತಿತ್ತು. ಅವರ ಬಳಿ ಇದ್ದದ್ದು ದಪ್ಪ ಟೈರಿನ ಹಳೆಯ ಸೈಕಲ್‌ಗಳು. ಹಿಂದಕ್ಕೆ ಪೆಡಲ್ ಒತ್ತಿದರೆ ಹಿಂದಿನ ಚಕ್ರದ ಹಬ್‌ನೊಳಗೆ ಬ್ರೇಕ್ ಹಿಡಿಯುವ ವ್ಯವಸ್ಥೆ. ಒಂದು ಸಲ ಇಳಿಯುವಷ್ಟರಲ್ಲಿ ಹಬ್‌ನ ಗ್ರೀಸ್ ಕಾದು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸ್ ತುಂಬದೆ ಮುಂದಿನ ಓಟವಿಲ್ಲ. ಹೀಗೆ ಮರಳಿ ತುಂಬುವ ಕೆಲಸವೇ ಆ ಓಟಕ್ಕೆ ‘ರೀಪ್ಯಾಕ್’ ಎಂಬ ಹೆಸರು ತಂದಿತು. ಜೋ ಬ್ರೀಜ್, ಗ್ಯಾರಿ ಫಿಶರ್ ಮೊದಲಾದವರು ಬೆಟ್ಟದ ಸೈಕಲ್ ಎಂಬ ಹೊಸ ವಸ್ತುವನ್ನು ರೂಪಿಸಿದ್ದು ಈ ಓಟಗಳ ಅನುಭವದಿಂದ. ಅಂದರೆ ಈ ಸೈಕಲ್ ಹುಟ್ಟಿದ್ದೇ ಬಿಚ್ಚಿ, ಒರೆಸಿ, ತುಂಬಿ, ಮತ್ತೆ ಜೋಡಿಸಬಲ್ಲವರ ಕೈಯಲ್ಲಿ. ಮುಂದಿನ ಸಸ್ಪೆನ್ಷನ್ ಫೋರ್ಕ್ ಅಂಗಡಿಗಳಿಗೆ ಬಂದದ್ದು ರಾಕ್‌ಶಾಕ್ಸ್ ಆರ್‌ಎಸ್-1 ಮೂಲಕ, 1989ರ ಸುಮಾರಿಗೆ. ಹಿಂದಿನ ಸಸ್ಪೆನ್ಷನ್ ಪಳಗಲು ಇನ್ನೂ ಬಹಳ ಕಾಲ ಹಿಡಿಯಿತು.

ಈಗ ಎದುರು ಪಕ್ಷದ ಬಲವಾದ ಸಾಕ್ಷಿಯನ್ನು ನಾನೇ ಮುಂದಿಡುತ್ತೇನೆ. 2012ರ ಲಂಡನ್ ಒಲಿಂಪಿಕ್ಸ್‌ನ ಪುರುಷರ ಬೆಟ್ಟದ ಸೈಕಲ್ ಸ್ಪರ್ಧೆಯಲ್ಲಿ ಜೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿ ಫುಲ್ ಸಸ್ಪೆನ್ಷನ್ ಸೈಕಲ್ಲಿನಲ್ಲಿ ಚಿನ್ನ ಗೆದ್ದರು. ಹಾರ್ಡ್‌ಟೇಲ್ ಏರಿದ್ದ ಸ್ವಿಟ್ಜರ್ಲೆಂಡಿನ ನೀನೊ ಶುರ್ಟರ್ ಬೆಳ್ಳಿ ಪಡೆದರು. ಒಂದೂವರೆ ತಾಸಿನ ಹೋರಾಟದ ಕೊನೆಗೆ ಇಬ್ಬರ ನಡುವಿನ ಅಂತರ ಒಂದೇ ಒಂದು ಸೆಕೆಂಡ್. ನಾಲ್ಕು ವರ್ಷಗಳ ನಂತರ ರಿಯೋದಲ್ಲಿ ಅದೇ ಶುರ್ಟರ್ ಚಿನ್ನ ಗೆದ್ದರು. ಆಗ ಅವರೂ ಫುಲ್ ಸಸ್ಪೆನ್ಷನ್ನಿಗೆ ಬದಲಾಗಿದ್ದರು. ಸ್ಪರ್ಧಾಳುಗಳು ಮೂರ್ಖರಲ್ಲ. ಹಿಂದಿನ ಚಕ್ರ ನೆಲಕ್ಕೆ ಅಂಟಿಕೊಂಡು ಉರುಳಿದರೆ ಹಿಡಿತ ಹೆಚ್ಚು, ದಣಿವು ಕಡಿಮೆ, ಉಬ್ಬುತಗ್ಗಿನ ಮೇಲೂ ಕೂತೇ ಪೆಡಲ್ ತುಳಿಯಬಹುದು. ಹಾರ್ಡ್‌ಟೇಲಿನ ಫೋರ್ಕ್ ಕುಗ್ಗಿದಾಗ ಇಡೀ ಸೈಕಲ್ ಮುಂದಕ್ಕೆ ವಾಲಿ ಕಡಿದಾದ ಇಳಿಜಾರಿನಲ್ಲಿ ಎದೆ ಝಲ್ಲೆನ್ನುತ್ತದೆ. ಎರಡೂ ಕಡೆ ಕುಗ್ಗುವ ಸೈಕಲ್ಲಿನಲ್ಲಿ ಈ ವಾಲುವಿಕೆ ಕಡಿಮೆ. ಇದೆಲ್ಲ ನಿಜ. ಇದನ್ನು ಅಲ್ಲಗಳೆದು ವಾದ ಗೆಲ್ಲುವ ಆಸೆ ನನಗಿಲ್ಲ.

ನನ್ನ ಪ್ರಶ್ನೆ ಬೇರೆ. ಸ್ಪರ್ಧೆ ಅಳೆಯುವುದು ಸಮಯವನ್ನು. ಸ್ಪರ್ಧಾಳುವಿನ ಹಿಂದೆ ಸೈಕಲ್ ಬಿಚ್ಚಿ ಜೋಡಿಸುವ ಮೆಕ್ಯಾನಿಕ್‌ಗಳ ತಂಡ ನಿಂತಿರುತ್ತದೆ. ನಮ್ಮ ಹಿಂದೆ ಯಾರಿದ್ದಾರೆ? ಪೇಟೆ ಬೀದಿಯ ಮೂಲೆಯಲ್ಲಿ ಪಂಕ್ಚರ್ ತಿದ್ದುವ, ರಿಮ್ಮಿನ ಓಟೆ ಸರಿಪಡಿಸುವ, ಬಾಲ್ಸ್ ಬದಲಿಸಿ ಗ್ರೀಸ್ ತುಂಬುವ ಸೈಕಲ್ ಅಂಗಡಿಯವರಿದ್ದಾರೆ. 2006–07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ವಿತರಿಸಲು ಆರಂಭಿಸಿದ ಮೇಲೆ ಮಲೆನಾಡಿನ ಮೂಲೆಮೂಲೆಗೂ ಸೈಕಲ್ ತಲುಪಿತು. ಅವುಗಳನ್ನು ಓಡುವಂತೆ ಇಟ್ಟದ್ದು ಇಂಥ ಅಂಗಡಿಗಳೇ. ಹಾರ್ಡ್‌ಟೇಲಿನ ಬಹುಪಾಲು ಕೆಲಸ ಅವರ ಕೈಗೆ ಎಟಕುವಂಥದು. ಹಿಂದಿನ ಸಸ್ಪೆನ್ಷನ್ನಿನ ಕೀಲು, ಅದರ ಅಳತೆಯ ಬೇರಿಂಗ್, ಅದನ್ನು ಒತ್ತಿ ಕೂರಿಸುವ ಸಾಧನ, ಶಾಕ್‌ನ ಒಳಗಿನ ಸೀಲ್ – ಇವು ಯಾವುವೂ ಅಲ್ಲಿಲ್ಲ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಹನ್ನೊಂದು ವರ್ಷಗಳಿಂದ ನನ್ನ ಹಾರ್ಡ್‌ಟೇಲ್ ನನ್ನೊಡನಿದೆ. ಎರಡು ವರ್ಷಗಳ ಹಿಂದೆ ಗೆಳೆಯರೊಬ್ಬರು ಊರು ಬಿಡುವಾಗ ತಮ್ಮ ಫುಲ್ ಸಸ್ಪೆನ್ಷನ್ ಸೈಕಲ್ಲನ್ನು ಒಂದು ವರ್ಷದ ಮಟ್ಟಿಗೆ ನನ್ನ ಬಳಿ ಬಿಟ್ಟರು. ಬೇಸಗೆಯಲ್ಲಿ ಅದರ ಸುಖಕ್ಕೆ ನಾನೂ ಸೋತೆ, ಸುಳ್ಳು ಹೇಳಲಾರೆ. ಮುಂಗಾರು ಬಂತು. ಜಂಬಿಟ್ಟಿಗೆ ನೆಲದ ಕೆಂಪು ರಾಡಿ ಕೀಲುಗಳ ಸಂದಿಗೆ ಇಳಿಯಿತು. ಆಷಾಢ ಮುಗಿಯುವಷ್ಟರಲ್ಲಿ ಹಿಂಭಾಗದಿಂದ ಹಳೆಯ ಗಾಣದ ಸದ್ದು. ಬಿಚ್ಚಿ ನೋಡಿದರೆ ಬೇರಿಂಗ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಬೆಂಗಳೂರಿನಿಂದ ಆ ಪುಟ್ಟ ಬಿಡಿಭಾಗ ಬರಲು ಏಳು ವಾರ ಬೇಕಾಯಿತು. ಆ ಏಳು ವಾರ ನಾನು ಓಡಾಡಿದ್ದು ನನ್ನ ಹಳೆಯ ಹಾರ್ಡ್‌ಟೇಲಿನಲ್ಲಿ.

ಹೀಗಾಗುವುದಕ್ಕೆ ಕಾರಣವಿದೆ. ಹಿಂದಿನ ಚಕ್ರ 120 ಮಿ.ಮೀ. ಮೇಲೇರುವಾಗ ಶಾಕ್‌ನ ದಂಡ ಒಳಸರಿಯುವುದು ಸುಮಾರು 45ರಿಂದ 50 ಮಿ.ಮೀ. ಮಾತ್ರ. ಸನ್ನೆಗೋಲಿನ ನ್ಯಾಯದಂತೆ, ಚಕ್ರಕ್ಕೆ ಬಿದ್ದ ಬಲದ ಸುಮಾರು ಎರಡೂವರೆ ಪಟ್ಟು ಬಲ ಆ ದಂಡದ ಮೇಲೆ ಬೀಳುತ್ತದೆ. ಕೀಲುಗಳೂ ಅದರ ಪಾಲು ಹೊರಬೇಕು. ಕೀಲಿನ ಬೇರಿಂಗ್ ಚಕ್ರದ ಬೇರಿಂಗಿನಂತೆ ಪೂರ್ತಿ ಸುತ್ತುವುದೂ ಇಲ್ಲ. ಇದ್ದಲ್ಲೇ ಸ್ವಲ್ಪ ಹಿಂದೆ ಮುಂದೆ ಹೊರಳುತ್ತದೆ. ಗ್ರೀಸ್ ಹರಡುವುದಿಲ್ಲ, ಒಂದೇ ಕಡೆ ಸವೆಯುತ್ತದೆ. ಇದಕ್ಕೆ ಆಗುಂಬೆಯಂಥ ಊರಿನ ಮಳೆಯನ್ನು ಸೇರಿಸಿ. ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು. ಸಸ್ಪೆನ್ಷನ್ನಿಗೆ ಸುಮಾರು 50 ತಾಸಿನ ಸವಾರಿಗೊಮ್ಮೆ ಸಣ್ಣ ಸರ್ವಿಸ್ ಮಾಡಬೇಕೆಂದು ತಯಾರಕರೇ ಹೇಳುವುದುಂಟು. ವಾರಕ್ಕೆ ಆರು ತಾಸು ಸಮೀಕ್ಷೆಗೆ ಹೋಗುವವರಿಗೆ ಇದು ಎರಡು ತಿಂಗಳಿಗೊಮ್ಮೆ ಬರುವ ಕೆಲಸ. ಕೆಸರಿನಲ್ಲಾದರೆ ಇನ್ನೂ ಬೇಗ. ಮುಂದೆ ಒಂದಿದ್ದರೆ ಒಂದರ ಕೆಲಸ, ಹಿಂದೆಯೂ ಇದ್ದರೆ ಎರಡರ ಕೆಲಸ, ಜೊತೆಗೆ ಕೀಲುಗಳ ಕೆಲಸ. ಒಬ್ಬನ ಸ್ವಂತ ಸೈಕಲ್ಲಾದರೆ ಆತ ಮಾಡಿಕೊಂಡಾನು. ಹತ್ತು ಕೈ ಬದಲಾಗುವ ಬಳಗದ ಸೈಕಲ್ಲಿಗೆ ಮಾಡುವವರು ಯಾರು?

ನಮ್ಮ ದಾರಿಗಳ ಸ್ವರೂಪವನ್ನೂ ನೆನಪಿಗೆ ತಂದುಕೊಳ್ಳೋಣ. ಸಮೀಕ್ಷೆಯ ದಾರಿಯಲ್ಲಿ ಸೈಕಲ್ ನಮ್ಮನ್ನು ಹೊರುವಷ್ಟೇ ಸಲ ನಾವು ಸೈಕಲ್ಲನ್ನು ಹೊರುತ್ತೇವೆ. ತೋಟಕ್ಕಿಳಿಯುವಲ್ಲಿ ಉಣಗೋಲು ದಾಟಿಸಬೇಕು, ಹಳ್ಳಕ್ಕೆ ಹಾಕಿದ ಅಡಿಕೆ ಮರದ ಸಂಕದ ಮೇಲೆ ಹೆಗಲಿಗೇರಿಸಬೇಕು, ಬಿದ್ದ ಮರ ಹತ್ತಿ ಇಳಿಯಬೇಕು. ಅದೇ ಬೆಲೆಯ ಹಾರ್ಡ್‌ಟೇಲಿಗಿಂತ ಫುಲ್ ಸಸ್ಪೆನ್ಷನ್ ಸಾಮಾನ್ಯವಾಗಿ ಒಂದೂವರೆ, ಎರಡು ಕಿಲೋ ಭಾರ. ಹಾರ್ಡ್‌ಟೇಲಿನ ಚೌಕಟ್ಟಿನ ನಡುವೆ ಹೆಗಲು ತೂರಿಸಲು ಜಾಗವಿದೆ. ಇನ್ನೊಂದರಲ್ಲಿ ಅನೇಕ ಸಲ ಆ ಜಾಗವನ್ನು ಶಾಕ್ ಆಕ್ರಮಿಸಿರುತ್ತದೆ. ಹಿಂದೆ ಕ್ಯಾರಿಯರ್ ಕಟ್ಟಿ ಅಳತೆಪಟ್ಟಿ, ಕತ್ತಿ, ಬುತ್ತಿ, ಕಂಬಳಿ ಹೇರಲು ಹಾರ್ಡ್‌ಟೇಲ್ ಸಲೀಸು; ಆಡುವ ಹಿಂಭಾಗದ ಮೇಲೆ ಭಾರ ಹೇರುವುದು ಕಷ್ಟ.

ಇಲ್ಲೊಂದು ಎಚ್ಚರಿಕೆಯ ಮಾತು. ‘ಡಬಲ್ ಶಾಕ್’ ಎಂದು ಊರಿನ ಹುಡುಗರು ಆಸೆಪಡುವ ಅಗ್ಗದ ಸೈಕಲ್‌ಗಳನ್ನು ಫುಲ್ ಸಸ್ಪೆನ್ಷನ್ ಎಂದು ತಿಳಿಯಬಾರದು. ಅವುಗಳ ಹಿಂದೆ ಇರುವುದು ಬರಿಯ ಸ್ಪ್ರಿಂಗ್. ಅದರ ಪುಟಿತವನ್ನು ತಡೆದು ನಿಧಾನಗೊಳಿಸುವ ಎಣ್ಣೆಯ ವ್ಯವಸ್ಥೆ ಇರುವುದಿಲ್ಲ. ಏರಿನಲ್ಲಿ ತುಳಿದ ಶಕ್ತಿಯ ಒಂದು ಪಾಲನ್ನು ಸ್ಪ್ರಿಂಗೇ ತಿನ್ನುತ್ತದೆ, ಇಳಿಜಾರಿನಲ್ಲಿ ಸವಾರನನ್ನು ಕುದುರೆಯಂತೆ ಎತ್ತಿ ಹಾಕುತ್ತದೆ. ಅದಕ್ಕಿಂತ ಸ್ಪ್ರಿಂಗೇ ಇಲ್ಲದ ಹಗುರ ಸೈಕಲ್ ಎಷ್ಟೋ ಮೇಲು. ಮಕ್ಕಳಿಗೆ ಸೈಕಲ್ ಕೊಡಿಸುವ ಪೋಷಕರು ಇದನ್ನು ಗಮನಿಸಬೇಕು.

ಇನ್ನು ನಮ್ಮ ಪಾಲಿಗೆ ಮುಖ್ಯವಾದ ಪ್ರಶ್ನೆ: ನೆಲಕ್ಕೆ ಯಾವುದರಿಂದ ಹೆಚ್ಚು ಹಾನಿ? ಹಾರ್ಡ್‌ಟೇಲ್ ಪರಿಸರಸ್ನೇಹಿ, ಇನ್ನೊಂದು ಪರಿಸರದ್ರೋಹಿ ಎಂದು ಬರೆದುಬಿಡುವುದು ಸುಲಭ. ಅದು ಸತ್ಯವಲ್ಲ. ಅಮೆರಿಕದ ಮೊಂಟಾನದಲ್ಲಿ ವಿಲ್ಸನ್ ಮತ್ತು ಸೆನಿ ಎಂಬ ಸಂಶೋಧಕರು ಪಾದಚಾರಿ, ಕುದುರೆ, ಮೋಟಾರ್‌ಬೈಕು, ಸೈಕಲ್ ನಾಲ್ಕನ್ನೂ ಹೋಲಿಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೇವದ ದಾರಿಯ ಮಣ್ಣನ್ನು ಚಕ್ರಗಳಿಗಿಂತ ಗೊರಸು ಮತ್ತು ಪಾದಗಳೇ ಹೆಚ್ಚು ಸಡಿಲಿಸಿದ್ದು ಕಂಡುಬಂತು. ಕೆನಡದ ಒಂಟಾರಿಯೊದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನಕ್ಕೆ ನಡಿಗೆ ಮತ್ತು ಸೈಕಲ್‌ಗಳ ನಡುವೆ ಸಸ್ಯನಾಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಸೈಕಲ್ ಎಂದರೆ ಕಾಡಿನ ಶತ್ರು ಎನ್ನುವವರು ಇದನ್ನು ಅರಿಯಬೇಕು.

ಆದರೆ ಅಲ್ಲಿಯ ನೆಲ ಬೇರೆ, ನಮ್ಮ ಮಳೆ ಬೇರೆ. ಹೆಜ್ಜೆಯದು ಬಿಡಿಬಿಡಿ ಗುರುತು; ಚಕ್ರದ್ದು ಕಡಿಯದ ಗೆರೆ. ಇಳಿಜಾರಿನ ಹಸಿ ಮಣ್ಣಿನಲ್ಲಿ ನೀರಿಗೆ ಒಂದು ಗೆರೆ ಸಿಕ್ಕರೆ ಸಾಕು, ಅದೇ ಕಾಲುವೆ. ಆರಿದ್ರೆಯ ಮಳೆಯಲ್ಲಿ ಬೆರಳಿನಷ್ಟಿದ್ದದ್ದು ಆಶ್ಲೇಷೆಯ ಹೊತ್ತಿಗೆ ಮೊಳದಷ್ಟಾಗುತ್ತದೆ. ಇಳಿಯುವಾಗ ಹಿಂದಿನ ಬ್ರೇಕನ್ನು ಬಿಗಿಹಿಡಿದು ಚಕ್ರವನ್ನು ಎಳೆದುಕೊಂಡು ಹೋಗುವವನು ಈ ಗೆರೆಯನ್ನು ನೇಗಿಲಿನಂತೆ ಉಳುತ್ತಾನೆ. ಈ ತಪ್ಪು ಹಾರ್ಡ್‌ಟೇಲಿನಲ್ಲಿ ಹೆಚ್ಚು ಸಲೀಸಾಗಿ ಆಗುತ್ತದೆ ಎಂಬುದನ್ನೂ ಒಪ್ಪಬೇಕು. ಹಿಂದಿನ ಚಕ್ರ ಕುಪ್ಪಳಿಸಿದಾಗ ಬ್ರೇಕ್ ಹಿಡಿದಿದ್ದರೆ ಅದು ಬೇಗ ಲಾಕ್ ಆಗುತ್ತದೆ. ಹಾಗಾಗಿ ನೆಲ ಉಳಿಸುವುದು ಸೈಕಲ್ಲಿನ ಜಾತಿಯಲ್ಲ. ಮಳೆಗಾಲದಲ್ಲಿ ಮಣ್ಣುದಾರಿಗೆ ಇಳಿಯದಿರುವ, ಬ್ರೇಕನ್ನು ಹದವರಿತು ಹಿಡಿಯುವ, ಕೆಸರು ತಪ್ಪಿಸಲು ದಾರಿಯ ಅಂಚನ್ನು ಅಗಲಗೊಳಿಸದಿರುವ ಸಂಯಮ.

ಹಾಗಾದರೆ ಈ ವಿಷಯದಲ್ಲಿ ಎರಡೂ ಒಂದೇ ಎನ್ನೋಣವೆ? ಇಲ್ಲ, ವೇಗದ ಮಾತು ಉಳಿದಿದೆ. ಹಾರ್ಡ್‌ಟೇಲ್ ತಪ್ಪನ್ನು ಒಡನೆಯೇ ಸವಾರನ ಬೆನ್ನಿಗೆ ವರದಿ ಮಾಡುತ್ತದೆ. ಬೇರೆಲ್ಲಿ ಬೇರಿದೆ, ಎಲ್ಲಿ ಕಲ್ಲು ಸಡಿಲವಾಗಿದೆ, ಎಲ್ಲಿ ನೆಲ ಮೆತ್ತಗಾಗಿದೆ ಎಂದು ಹೇಳುತ್ತಲೇ ಇರುತ್ತದೆ. ನಿಧಾನಿಸದೆ ಗತ್ಯಂತರವಿಲ್ಲ. ಫುಲ್ ಸಸ್ಪೆನ್ಷನ್ ಈ ವರದಿಯನ್ನು ತಾನೇ ನುಂಗುತ್ತದೆ. ನಿಧಾನವಾಗಿ ಹೋಗುತ್ತಿದ್ದೇನೆಂದೇ ಸವಾರ ಭಾವಿಸಿರುತ್ತಾನೆ. ದಾರಿಯ ತಿರುವಿನಲ್ಲಿ ಸೊಪ್ಪಿನ ಹೊರೆ ಹೊತ್ತು ಬರುತ್ತಿರುವ ಹೆಂಗಸಿಗೆ ಮಾತ್ರ ಅವನ ವೇಗ ಎಷ್ಟೆಂದು ಗೊತ್ತಾಗುತ್ತದೆ. ಆ ದಾರಿ ಅವಳದು. ಅವಳ ಅಜ್ಜಿಯೂ ಅದೇ ದಾರಿಯಲ್ಲಿ ಹೊರೆ ಹೊತ್ತವಳು. ಒಂದು ಸಲ ಅವಳು ಬೆಚ್ಚಿ ಹೊರೆ ಕೆಳಗೆ ಬಿದ್ದರೆ, ಊರಿನಲ್ಲಿ ಸೈಕಲ್ಲಿನವರ ಮೇಲಿರುವ ವಿಶ್ವಾಸವೂ ಅದರೊಡನೆ ಬೀಳುತ್ತದೆ. 2024ರ ಜನವರಿಯ ಕೊನೆಯಲ್ಲಿ ಕುಮಾರ ಪರ್ವತಕ್ಕೆ ಚಾರಣಿಗರು ಏಕಕಾಲಕ್ಕೆ ನುಗ್ಗಿದ ಮೇಲೆ, ಆನ್‌ಲೈನ್ ನೋಂದಣಿ ಇಲ್ಲದ ಕಡೆ ಚಾರಣವನ್ನೇ ಸರ್ಕಾರ ತಡೆಹಿಡಿದದ್ದು ನೆನಪಿರಲಿ. ದಾರಿಗಳು ತೆರೆದಿರುವುದು ಸೌಜನ್ಯದ ಮೇಲೆ. ಸೌಜನ್ಯ ಮುಗಿದರೆ ದಾರಿಯೂ ಮುಚ್ಚುತ್ತದೆ.

ಫುಲ್ ಸಸ್ಪೆನ್ಷನ್ ಯಾರಿಗೂ ಬೇಡವೆಂದು ನಾನು ಹೇಳುತ್ತಿಲ್ಲ. ಬೆನ್ನುಹುರಿಯ ತೊಂದರೆಯಿದ್ದೂ ಸೈಕಲ್ ಬಿಡಲೊಲ್ಲದವರಿಗೆ ಅದು ವರವೇ ಸರಿ. ಸ್ಪರ್ಧೆಗೆ ತಯಾರಾಗುವವರಿಗೆ, ಸೈಕಲ್ಲಿಗೆಂದೇ ಖಾಸಗಿ ಜಮೀನಿನಲ್ಲಿ ಕಟ್ಟಿದ ಕಲ್ಲುಮುಳ್ಳಿನ ಹಾದಿಯಲ್ಲಿ ದಿನವಿಡೀ ಇಳಿಯುವವರಿಗೆ ಅದೇ ಯೋಗ್ಯ. ಅವರು ಅದರ ಆರೈಕೆಯ ಖರ್ಚನ್ನು ಲೆಕ್ಕ ಹಾಕಿಯೇ ಕೊಳ್ಳಲಿ. ಆದರೆ ದಾರಿಗೆ ತಕ್ಕ ಸೈಕಲ್ ಕೊಳ್ಳುವುದು ಬೇರೆ, ಕೊಂಡ ಸೈಕಲ್ಲಿಗೆ ತಕ್ಕ ದಾರಿ ಹುಡುಕುತ್ತ ಕಾಡಿನೊಳಗೆ ಹೊಸ ಗೆರೆ ಕೊರೆಯುವುದು ಬೇರೆ. ಎರಡನೆಯದು ನಮ್ಮ ಬಳಗದ ಹೆಸರಿನಲ್ಲಿ ಆಗಕೂಡದು.

ಆದ್ದರಿಂದ ಮುಂದಿನ ಸಭೆಯ ಮುಂದೆ ನನ್ನ ಸೂಚನೆ ಹೀಗಿದೆ. ಹಾರ್ಡ್‌ಟೇಲ್ ಸೈಕಲ್‌ಗಳನ್ನೇ ಕೊಳ್ಳೋಣ. ಒಂದು ಒಳ್ಳೆಯ ಫುಲ್ ಸಸ್ಪೆನ್ಷನ್ನಿನ ಹಣದಲ್ಲಿ ಅದೇ ಗುಣಮಟ್ಟದ ಎರಡು ಹಾರ್ಡ್‌ಟೇಲ್ ಬರುವ ಸಂಭವವಿದೆ. ಒಬ್ಬರ ಬದಲು ಇಬ್ಬರು ಹೊರಡಬಹುದು. ಫೋರ್ಕ್ 100ರಿಂದ 120 ಮಿ.ಮೀ. ಸಾಕು, ಸವಾರನ ತೂಕಕ್ಕೆ ಹೊಂದಿಸಬಹುದಾದ ಗಾಳಿಯ ಫೋರ್ಕ್ ಆಗಿರಲಿ. ಬಣ್ಣ, ಗೇರಿನ ಸಂಖ್ಯೆ ನೋಡುವ ಬದಲು ಟೈರ್ ನೋಡೋಣ: 2.4 ಇಂಚು ಅಗಲದ, ಟ್ಯೂಬ್‌ಲೆಸ್ ಟೈರನ್ನು ತುಸು ಕಡಿಮೆ ಗಾಳಿಯಲ್ಲಿ ಓಡಿಸಿದರೆ ಹಾರ್ಡ್‌ಟೇಲಿನ ಒರಟುತನದ ದೊಡ್ಡ ಪಾಲು ಅಲ್ಲೇ ಕರಗುತ್ತದೆ. ಡಿಸ್ಕ್ ಬ್ರೇಕ್ ಬೇಕೇ ಬೇಕು, ಕೆಸರು ಮೆತ್ತಿದ ರಿಮ್ಮಿನ ಮೇಲೆ ರಬ್ಬರ್ ಕಟ್ಟೆ ಹಿಡಿಯುವುದಿಲ್ಲ. ಕ್ಯಾರಿಯರ್ ಕೂರಿಸಲು ಚೌಕಟ್ಟಿನಲ್ಲಿ ತೂತುಗಳಿರಲಿ. ಎತ್ತರಕ್ಕೆ ತಕ್ಕಂತೆ ಎರಡು ಅಳತೆಯವು ಬೇಕು. ಹೆಣ್ಣುಮಕ್ಕಳಿಗೆ ದೊಡ್ಡ ಚೌಕಟ್ಟು ಕೊಟ್ಟು ‘ಹೊಂದಿಸಿಕೊಳ್ಳಿ’ ಎನ್ನುವುದು ಬೇಡ.

ಸೈಕಲ್ಲಿನ ಜೊತೆಗೆ ನಾಲ್ಕು ಕಟ್ಟಳೆಗಳೂ ಬರಲಿ. ಮುಂಗಾರು ಹಿಡಿದ ಮೇಲೆ ನೆಲ ಆರುವ ತನಕ ಮಣ್ಣಿನ ಕಾಲುದಾರಿಗೆ ಸೈಕಲ್ ಇಳಿಯಕೂಡದು; ಆಗ ಡಾಂಬರು, ಜಲ್ಲಿ ರಸ್ತೆ ಸಾಕು, ಉಳಿದ ಕಡೆ ನಡೆಯೋಣ. ಎದುರು ಬಂದವರಿಗೆ, ದನಕರುಗಳಿಗೆ ಸೈಕಲ್ ಇಳಿದು ದಾರಿ ಬಿಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನ್ವಯ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಅನುಮತಿಯಿಲ್ಲದೆ ಪ್ರವೇಶವಿಲ್ಲ. ಮೌನವಾಗಿ ಹೋಗುವ ಸೈಕಲ್ಲಿಗೂ ಇದು ಅನ್ವಯಿಸುತ್ತದೆ. ಕೊನೆಯದಾಗಿ, ಸೈಕಲ್ ಒಯ್ದವರು ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಟ್ಟು ಮರಳಿಸಬೇಕು. ವರ್ಷಕ್ಕೊಮ್ಮೆ ಪೇಟೆಯ ಸೈಕಲ್ ಅಂಗಡಿಯವರನ್ನು ಕರೆದು, ಅವರಿಂದ ನಾವು ಕಲಿತು, ಡಿಸ್ಕ್ ಬ್ರೇಕು ಫೋರ್ಕ್‌ಗಳ ಬಗ್ಗೆ ಅವರೂ ಕಲಿಯುವಂತೆ ಒಂದು ದಿನದ ಕಮ್ಮಟ ನಡೆಸೋಣ. ಹತ್ತು ವರ್ಷದ ನಂತರವೂ ಈ ಸೈಕಲ್‌ಗಳು ಓಡುತ್ತಿದ್ದರೆ ಅದಕ್ಕೆ ಕಾರಣ ಆ ಅಂಗಡಿಯಾಗಿರುತ್ತದೆ.

ಕಿರಿಯ ಗೆಳೆಯರು ಇದನ್ನು ಓದಿ ಮತ್ತೆ ನಗಬಹುದು. ನಗಲಿ. ಅವರ ಉತ್ತರವನ್ನು ಇದೇ ಪುಟಗಳಲ್ಲಿ ಓದಲು ನಾನು ಕಾದಿದ್ದೇನೆ. ಅದಕ್ಕೆ ಮೊದಲು ಒಂದು ಕೋರಿಕೆ: ಬರುವ ಭಾನುವಾರ ನನ್ನ ಹಳೆಯ ಹಾರ್ಡ್‌ಟೇಲನ್ನು ಒಯ್ಯಿರಿ. ಕೆರೆಯ ಏರಿಯಿಂದ ಕಾನಿನ ಅಂಚಿನವರೆಗೆ ಹೋಗಿ, ಹಳ್ಳದ ಸಂಕ ದಾಟಿಸಿ, ಮರಳಿ ಬನ್ನಿ. ನೆಲ ನಿಮ್ಮ ಬೆನ್ನಿಗೆ ಏನೇನು ಹೇಳಿತು ಎಂಬುದನ್ನು ಬರೆದಿಟ್ಟುಕೊಳ್ಳಿ. ಸಮೀಕ್ಷೆಗೆ ಹೊರಟವರು ನಾವು. ನೆಲದ ಮಾತು ಕೇಳಿಸದಂತೆ ಮಾಡುವ ಸೈಕಲ್ ನಮಗೆ ಏಕೆ ಬೇಕು?